ಕೆಂಪು ಡಬ್ಬಕ್ಕೆ ಹಸಿರು ಜೋಡಿ

ಕತೆ ಕೇಳುವವರು ನೆಟ್ಟಗೆ ಕೂರಬೇಕು. ಕೈಯಲ್ಲಿರುವ ಫೋನು ಕೆಳಗಿಡಬೇಕು. ನಡುವೆ ಬಾಯಿ ಹಾಕಬಾರದು. ನಗು ಬಂದರೆ ನಗಬಹುದು, ಅದಕ್ಕೆ ಅಪ್ಪಣೆ ಇದೆ.

ಎರಡು ಸಾವಿರದ ಐದನೇ ಇಸವಿ. ಆರು ಅನ್ನುವವರಿದ್ದಾರೆ, ಅವರು ತಪ್ಪು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಸ್ಟುಡಿಯೋ ಇತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ. ಸ್ಟುಡಿಯೋದಲ್ಲಿ ಒಬ್ಬ ತಾಯಿ, ಹೆಸರು ಸರ್ವಮಂಗಳಮ್ಮ. ತಾಯಿಗೆ ಒಬ್ಬ ಮಗ, ಹೆಸರು ಮರುಳಸಿದ್ದ. ಊರವರ ಬಾಯಲ್ಲಿ ಬರೀ ಸಿದ್ದ.

ಸಿದ್ದ ಕಳ್ಳನಲ್ಲ, ಸುಳ್ಳನಲ್ಲ, ಸೋಮಾರಿಯಲ್ಲ. ಹೇಳಿದ ಕೆಲಸ ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದಷ್ಟೂ ಮಾಡುತ್ತಿದ್ದ. ಅದೇ ತೊಂದರೆ!

ಒಂದು ಸಲ ರಿಟೈರಾದ ಸ್ಟೇಷನ್ ಮಾಸ್ಟರು ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದರು. "ಅವರ ತಲೆ ಅಲ್ಲಾಡದ ಹಾಗೆ ನೋಡಿಕೋ" ಅಂದಳು ತಾಯಿ. "ಹಂಗೇ ಆಗ್ಲಿ ಅವ್ವಾ" ಅಂದ ಸಿದ್ದ. ಫೋಟೋ ತೊಳೆದು ನೋಡಿದರೆ ಮಾಸ್ಟರಿಗೆ ಎರಡು ಕಿವಿ, ಎರಡು ಕಿವಿಯ ಮೇಲೂ ಸಿದ್ದನ ಒಂದೊಂದು ಕೈ!

"ಶಿವನೇ!" ಸರ್ವಮಂಗಳಮ್ಮ ಹಣೆ ಚಚ್ಚಿಕೊಂಡಳು. "ಈ ಊರಿನ ಎಲ್ಲರ ಮದುವೇನೂ ನಮ್ಮ ಕಪಾಟಿನಲ್ಲಿ ಕ್ಯಾಸೆಟ್ಟಾಗಿ ಕೂತಿದೆ. ನಿಂದೊಂದು ಬಿಟ್ಟು! ನಿನ್ನ ತಲೆ ಮೇಲೆ ಅಕ್ಷತೆ ಬೀಳೋದನ್ನ ಈ ಕಣ್ಣಲ್ಲಿ ನೋಡ್ತೀನೇನೋ?"

"ಅಕ್ಷತೆ ಬಿದ್ರೆ ಮದುವೆ ಆದಂಗೇನವ್ವಾ?"

"ಇನ್ನೇನಪ್ಪ! ಅಕ್ಷತೆ ಬಿತ್ತು ಅಂದ್ರೆ ಮದುವೆ ಆಯ್ತು. ಆಮೇಲೆ ಸೊಸೆ ಹೊಸಲಲ್ಲಿ ಸೇರಕ್ಕಿ ಒದ್ದು ಒಳಗೆ ಬಂದ್ರೆ ನನ್ನ ಜೀವಕ್ಕೆ ಸಮಾಧಾನ."

"ಹಂಗೇ ಆಗ್ಲಿ ಅವ್ವಾ" ಅಂದ ಸಿದ್ದ.

ಇದನ್ನು ನೆನಪಿಟ್ಟುಕೊಳ್ಳಿ. ಸಿದ್ದನೂ ನೆನಪಿಟ್ಟುಕೊಂಡ.

ಒಂದು ದಿನ ತಾಯಿಯ ಚಪ್ಪಲಿ ಕಿತ್ತುಹೋಯಿತು. "ಪೇಟೆಗೆ ಹೋಗಿ ನನಗೊಂದು ಜೊತೆ ಚಪ್ಪಲಿ ತಾ. ಹೋದ ಸಲ ಅಂಗಡಿಯವನು ಒಂದು ಉದ್ದದ್ದು ಒಂದು ಗಿಡ್ಡದ್ದು ಕೊಟ್ಟುಬಿಟ್ಟಿದ್ದ. ಈ ಸಲ ಒಂದರ ಮೇಲೊಂದು ಇಟ್ಟು ನೋಡು. ಎರಡೂ ಒಂದೇ ಥರ ಇರಬೇಕು, ಕೂದಲೆಳೆ ವ್ಯತ್ಯಾಸ ಇರಬಾರದು!"

"ಹಂಗೇ ಆಗ್ಲಿ ಅವ್ವಾ."

ಹೋದ. ಒಂದರ ಮೇಲೊಂದು ಇಟ್ಟ. ಬೆರಳಿನ ಕಡೆ ಇದು ಹೀಗೆ ಬಾಗಿದೆ, ಅದು ಹಾಗೆ ಬಾಗಿದೆ. "ಇದು ಬೇಡ" ಅಂದ. ಇನ್ನೊಂದು ಡಬ್ಬ ತೆಗೆಸಿದ. ಅದೂ ಹಾಗೇ. "ಇದೂ ಬೇಡ" ಅಂದ. ಕಡೆಗೆ ತಾನೇ ಆರಿಸಿ, ಕೂದಲೆಳೆ ವ್ಯತ್ಯಾಸವಿಲ್ಲದ ಎರಡನ್ನು ತಂದ. ಎರಡೂ ಎಡಗಾಲಿನವು!

ತಾಯಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. ನೇರ ಬಾಗಿಲಿಗೆ ಹೊರಟವಳು ಗೋಡೆಗೆ ಹೋಗಿ ನಿಂತಳು.

"ಅಯ್ಯೋ ನನ್ನ ಕರ್ಮವೇ! ಜೋಡಿ ಅಂದ್ರೆ ಒಂದೇ ಥರದ್ದು ಎರಡಲ್ಲ ಕಣೋ! ಒಂದು ಎಡದ್ದು ಇರಬೇಕು, ಇನ್ನೊಂದು ಬಲದ್ದು ಇರಬೇಕು. ಅದರ ಹಂಗೆ ಇದು ಇರಬಾರದು, ಇದರ ಹಂಗೆ ಅದು ಇರಬಾರದು. ಆಗಲೇ ಜೋಡಿ! ತಲೆಗೆ ಹೋಯ್ತಾ?"

"ಹೋಯ್ತವ್ವಾ. ಒಂದು ಎಡದ್ದು, ಒಂದು ಬಲದ್ದು. ಹಂಗೇ ಆಗ್ಲಿ."

ಹೀಗಿರುವಾಗ ಹಾಸನ ರಸ್ತೆಯ ವಿರೂಪಾಕ್ಷಪ್ಪನವರ ಮಗಳು ಶಶಿಕಲಾಳ ಮದುವೆ ಬಂತು. ವಿಡಿಯೋ ಸರ್ವಮಂಗಳಮ್ಮನದೇ. ಆ ಕಾಲದ ಮದುವೆ ವಿಡಿಯೋ ನೀವು ನೋಡಿಲ್ಲ. ಹೆಣ್ಣು ಗಂಡು ಉಂಗುರ ಬದಲಿಸಿದರೆ ಆಕಾಶದಿಂದ ಗುಲಾಬಿ ಎಸಳು ಉದುರುತ್ತಿತ್ತು. ಬೀಗರು ಬಂದರೆ ಚಿತ್ರ ಪುಸ್ತಕದ ಹಾಳೆಯ ಹಾಗೆ ಮಗುಚಿಕೊಳ್ಳುತ್ತಿತ್ತು. ಅರಸೀಕೆರೆ ಬಿಟ್ಟು ಹೋಗದ ಮದುಮಕ್ಕಳ ಬೆನ್ನ ಹಿಂದೆ ಹಿಮದ ಬೆಟ್ಟ! ಅದಕ್ಕೆ ಮಿಕ್ಸಿಂಗ್ ಅಂತ ಹೆಸರು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಈಗ ಯಾರಾದರೂ ಹಾಗೆ ಮಾಡಿದರೆ ನಾನೇ ಮೊದಲು ಬೈಯುವವನು. ಆದರೂ ಆ ಬೆಟ್ಟ ಕಣ್ಣಿಂದ ಹೋಗಿಲ್ಲ.

ವಿರೂಪಾಕ್ಷಪ್ಪ ದೊಡ್ಡ ಮನಸ್ಸು ಮಾಡಿ ಎರಡು ಕ್ಯಾಮೆರಾ ಇಡಿಸಿದ್ದರು. ಒಂದು ಹೆಣ್ಣಿನ ಕಡೆಗೆ, ಒಂದು ಗಂಡಿನ ಕಡೆಗೆ. ಎರಡನ್ನೂ ಮಿಕ್ಸ್ ಮಾಡಿ ಒಂದು ಮಾಡಬೇಕು. ಅವಸರವೂ ಇತ್ತು. ವಿರೂಪಾಕ್ಷಪ್ಪನವರ ತಾಯಿ ಹಾಲಮ್ಮಜ್ಜಿ ಚಪ್ಪರದ ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಎತ್ತಿ ಆಡಿಸಿದ ಮೊಮ್ಮಗಳ ಮದುವೆ ಛತ್ರದಲ್ಲಿ ನಡೆಯಿತು, ಅಜ್ಜಿ ಮನೆಯ ಮಂಚದಲ್ಲಿ ಸೂರು ನೋಡುತ್ತ ಮಲಗಿದ್ದಳು. ಹಾಸನದ ಡಾಕ್ಟರು ಖಡಾಖಂಡಿತ ಹೇಳಿದ್ದರು: "ಸೋಮವಾರ ಆಪರೇಷನ್. ಮೀರಿಸಿದರೆ ಆಕೆ ಮತ್ತೆ ಕಾಲ ಮೇಲೆ ನಿಲ್ಲೋದಿಲ್ಲ."

ಅಜ್ಜಿಯೂ ಖಡಾಖಂಡಿತ. "ನನ್ನ ಕೂಸಿನ ಧಾರೆ ನೋಡದೆ ಕತ್ತರಿಗೆ ಮೈ ಒಡ್ಡಲ್ಲ ಕಣೋ ವಿರೂಪಾಕ್ಷ! ಮಲಗಿಸಿದ ಮೇಲೆ ಎದ್ದರೆ ಸರಿ. ಏಳಲಿಲ್ಲ ಅಂದ್ರೆ? ಮದುವೆ ತೋರಿಸು, ಆಮೇಲೆ ಬೇಕಾದರೆ ಕೊಯ್ಯಿ."

ವಿರೂಪಾಕ್ಷಪ್ಪ ಗುರುವಾರ ಸ್ಟುಡಿಯೋಗೆ ಬಂದು ಕೈ ಹಿಡಿದುಕೊಂಡರು. ಸರ್ವಮಂಗಳಮ್ಮ ಮಾತು ಕೊಟ್ಟಳು: "ಭಾನುವಾರ ಸಂಜೆ ಆರಕ್ಕೆ ಅಜ್ಜಿ ಮುಂದೆ ಮದುವೆ ಇರತ್ತೆ."

ಅವರು ಹೋದ ಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದಳು: "ಸಿದ್ದಾ, ನಿಮ್ಮಪ್ಪ ಇದ್ದಾಗ ಏನು ಹೇಳ್ತಿದ್ರು? ಸ್ಟುಡಿಯೋದವನ ಮಾತು ಮುಹೂರ್ತ ಇದ್ದಂಗೆ. ಮೀರಬಾರದು. ಭಾನುವಾರ ಆರು ಅಂದ್ರೆ ಆರು!"

"ಆರು ಅಂದ್ರೆ ಆರು. ಹಂಗೇ ಆಗ್ಲಿ ಅವ್ವಾ."

ಕಂಪ್ಯೂಟರ್ ಶುರು ಮಾಡಿದರೆ ಅದು ನರಳಿತು. ಎರಡು ಕ್ಯಾಮೆರಾದ ಚಿತ್ರ ಹಾಕಿದರೆ ಮದುಮಗ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಒಂದು ನಿಮಿಷ ಕಾದರೆ ಇನ್ನೊಂದು ಹೆಜ್ಜೆ. ಎದುರು ಬೀದಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಷಡಕ್ಷರಿ ಬಂದು ನೋಡಿದ.

"ಅಕ್ಕಾ, ಚಿತ್ರ ಎಳೆಯೋ ಕಾರ್ಡು ಇದರಲ್ಲಿ ಒಂದೇ ಇದೆ. ಒಂಟಿ ಎತ್ತು ಎಷ್ಟು ಎಳೆದೀತು? ಪಕ್ಕದಲ್ಲಿ ಇನ್ನೊಂದು ಕಾರ್ಡಿಗೆ ಜಾಗ ಇದೆ. ಜೋಡಿ ಹಾಕಿದ್ರೆ ಎರಡೂ ಸೇರಿ ಎಳೀತವೆ. ಇದರ ಡಬ್ಬ ಇದೆಯಲ್ಲ, ಈ ಕೆಂಪು ಡಬ್ಬ? ಬೆಂಗಳೂರಿಗೆ ಹೋಗಿ ಇದನ್ನ ತೋರಿಸಿ ಇದಕ್ಕೆ ಜೋಡಿ ಕೇಳಿ. ಕೊಡ್ತಾರೆ."

ತಾಯಿ ಸ್ಟುಡಿಯೋ ಬಿಟ್ಟು ಹೋಗುವ ಹಾಗಿಲ್ಲ. ಷಡಕ್ಷರಿ ಕ್ಲಾಸು ಬಿಟ್ಟು ಹೋಗುವ ಹಾಗಿಲ್ಲ. ಉಳಿದವನು ಯಾರು?

"ಸಿದ್ದಾ, ಬೆಳಿಗ್ಗೆ ರೈಲಿಗೆ ಹೋಗು. ಈ ಡಬ್ಬ ತೋರಿಸು. 'ಇದಕ್ಕೆ ಜೋಡಿ ಕೊಡಿ' ಅನ್ನು. ಅಷ್ಟೇ!"

"ಹಂಗೇ ಆಗ್ಲಿ ಅವ್ವಾ."

ಶುಕ್ರವಾರ ಎಸ್.ಪಿ. ರೋಡಿನ ಅಂಗಡಿಯಲ್ಲಿ ಸಿದ್ದ ಕೆಂಪು ಡಬ್ಬ ಮುಂದಿಟ್ಟ. "ಇದಕ್ಕೆ ಜೋಡಿ ಕೊಡಿ."

ಅಂಗಡಿಯವನು ತಿಳಿದವನು. ಸೀದಾ ಹೋಗಿ ಅಂಥದ್ದೇ ಕೆಂಪು ಡಬ್ಬ ತಂದಿಟ್ಟ.

ಸಿದ್ದ ಒಂದರ ಮೇಲೊಂದು ಇಟ್ಟು ನೋಡಿದ. ಕೂದಲೆಳೆ ವ್ಯತ್ಯಾಸವಿಲ್ಲ! ಬೆವರಿದ.

"ಇದು ಆಗಲ್ಲ ಸ್ವಾಮಿ."

"ಯಾಕ್ರೀ? ಅದೇ ಕಂಪನಿ, ಅದೇ ಮಾಡೆಲ್ಲು!"

"ಅದಕ್ಕೇ ಆಗಲ್ಲ. ಎರಡೂ ಎಡದ್ದು. ಬಲದ್ದು ಕೊಡಿ."

"ಕಾರ್ಡಿನಲ್ಲಿ ಎಡ ಬಲ ಇರಲ್ಲ ಕಣ್ರೀ!"

"ಇರತ್ತೆ. ನಮ್ಮವ್ವ ಗೋಡೆಗೆ ಹೋಗಿ ನಿಂತಿದ್ಲು."

ಅಂಗಡಿಯವನು ಅವನ ಮುಖ ನೋಡಿದ, ಡಬ್ಬ ನೋಡಿದ, ಹಿಂದೆ ನಿಂತಿದ್ದ ಗಿರಾಕಿಗಳನ್ನು ನೋಡಿದ. "ನೀವೇ ಆರಿಸಿಕೊಳ್ಳಿ ದೇವ್ರೂ" ಅಂದ. ಸಿದ್ದ ಕಪಾಟನ್ನೆಲ್ಲ ನೋಡಿದ. ಒಂದು ಹಸಿರು ಡಬ್ಬ ಕಂಡಿತು. ಬೇರೆ ಕಂಪನಿಯದು. ಕೆಂಪು ಡಬ್ಬದ ಚಿತ್ರದಲ್ಲಿ ಫ್ಯಾನು ಎಡಕ್ಕಿತ್ತು. ಹಸಿರು ಡಬ್ಬದ ಚಿತ್ರದಲ್ಲಿ ಫ್ಯಾನು ಬಲಕ್ಕಿತ್ತು.

"ಇದೇ! ಇದೇ ಜೋಡಿ!"

"ಬೇರೆ ಕಂಪನಿ ರೀ ಅದು! ಆಮೇಲೆ ವಾಪಸ್ ತಗೊಳ್ಳಲ್ಲ!"

"ವಾಪಸ್ ಯಾಕೆ ತರ್ತೀನಿ? ಅದರ ಹಂಗೆ ಇದಿಲ್ಲ, ಇದರ ಹಂಗೆ ಅದಿಲ್ಲ. ಆಗಲೇ ಜೋಡಿ!"

ಸಂಜೆ ಷಡಕ್ಷರಿ ಡಬ್ಬ ನೋಡಿ ಸ್ಟೂಲಿನ ಮೇಲೆ ಕುಸಿದ.

"ಏನಣ್ಣಾ, ಮೈಗೆ ಹುಷಾರಿಲ್ವಾ?"

"ಲೋ ಪುಣ್ಯಾತ್ಮ! ಇದು ಬೇರೆ ಕಂಪನಿ ಕಣೋ! ಒಂದೇ ಕಂಪನಿದಾಗಿದ್ರೆ ನಡುವೆ ಒಂದು ಪಟ್ಟಿ ಹಾಕಿ ಎರಡನ್ನೂ ಒಂದು ನೊಗಕ್ಕೆ ಕಟ್ಟಬಹುದಿತ್ತು. ಇವೆರಡು ಒಂದು ನೊಗಕ್ಕೆ ಬರಲ್ಲ. ಇದರ ಮಾತು ಅದಕ್ಕೆ ತಿಳಿಯಲ್ಲ, ಅದರ ಮಾತು ಇದಕ್ಕೆ ತಿಳಿಯಲ್ಲ!"

ಸರ್ವಮಂಗಳಮ್ಮನ ಮುಖ ಬಿಳಿಚಿತು. "ಷಡಕ್ಷರಿ, ನಾನು ಅಜ್ಜಿಗೆ ಮಾತು ಕೊಟ್ಟಿದ್ದೀನಪ್ಪ. ಏನೂ ಮಾಡೋಕಾಗಲ್ವಾ?"

ಷಡಕ್ಷರಿ ತಲೆ ಕೆರೆದುಕೊಂಡ. "ಒಂದು ದಾರಿ ನೋಡಬಹುದು ಅಕ್ಕಾ. ಇಬ್ಬರು ಸೊಸೆಯರು ಬೇರೆ ಬೇರೆ ತವರಿನಿಂದ ಬಂದಂಗೆ ಅಂದ್ಕೊಳ್ಳಿ. ಒಂದೇ ಅಡುಗೆಗೆ ಇಬ್ಬರೂ ಕೈ ಹಾಕಲ್ಲ. ಆದರೆ ಒಂದೇ ಮನೇಲಿ ಇರೋದಿಲ್ಲ ಅಂತೇನಿಲ್ಲ. ಬೆಳಿಗ್ಗೆ ಬಂದು ನೋಡ್ತೀನಿ. ಮುಚ್ಚಳ ತೆಗೆದಿಟ್ಟಿರಿ, ಫ್ಯಾನಿನ ಧೂಳು ಹೋಗಲಿ."

ತಾಯಿ ಮಗನ ಕಡೆ ತಿರುಗಿದಳು. "ಕೇಳಿಸಿಕೊಂಡ್ಯಾ? ಅದನ್ನ ಅಲ್ಲಿ ಇಲ್ಲಿ ಎಸೀಬೇಡ. ಮನೆಗೆ ಬಂದ ಹೊಸ ಸೊಸೆ ಇದ್ದಂಗೆ. ಮರ್ಯಾದೆಯಿಂದ ಒಳಗೆ ಸೇರಿಸಬೇಕು!"

ಆ ಮಾತು ಆಡಬಾರದಿತ್ತು. ಆಡಿಬಿಟ್ಟಳು.

"ಹಂಗೇ ಆಗ್ಲಿ ಅವ್ವಾ."

ಶನಿವಾರ ಬೆಳಿಗ್ಗೆ ತಾಯಿ ಹೂ ತರಲು ಹೋಗಿದ್ದಳು. ಸಿದ್ದ ಸ್ನಾನ ಮಾಡಿದ. ಮುಚ್ಚಳ ತೆಗೆದ ಕಂಪ್ಯೂಟರಿನ ಅಂಚಿನ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟ. ಬೆಲ್ಲದಚ್ಚು ಇಟ್ಟ. ಹಸಿರು ಕಾರ್ಡಿಗೆ ಕುಂಕುಮ ಇಟ್ಟ. ಕಂಪ್ಯೂಟರ್ ಆನ್ ಮಾಡಿದ, ಯಾಕೆಂದರೆ ದೀಪ ಹೊತ್ತಿಸದ ಮನೆಗೆ ಸೊಸೆಯನ್ನು ಯಾರೂ ಕರೆತರುವುದಿಲ್ಲ. ಆಮೇಲೆ ಕಾರ್ಡಿನ ಬಲತುದಿಯಿಂದ ಸೇರನ್ನು ಮೆಲ್ಲಗೆ ಒದೆಸಿದ.

ಸೇರು ಒಳಕ್ಕೆ ಮಗುಚಿತು. ಫ್ಯಾನು ಅಕ್ಕಿ ಹಿಡಿಯಿತು. ಕರಕರಕರ! ಸ್ಟುಡಿಯೋ ತುಂಬ ಅಕ್ಕಿಯ ಮಳೆ! ಆ ಹೊತ್ತಿಗೆ ಒಳಗೆ ಕಾಲಿಟ್ಟ ಷಡಕ್ಷರಿಯ ಕನ್ನಡಕದ ಮೇಲೂ ನಾಲ್ಕು ಕಾಳು ಬಿತ್ತು. ಅವನು ಎಗರಿ ಪ್ಲಗ್ ಕಿತ್ತ.

"ಏನೋ ಇದು!"

"ಸೊಸೆ ಬಂದ್ಲಣ್ಣಾ."

"ಸೊಸೆ ಅಲ್ಲ ಕಣೋ, ಮಾರಿ ಬಂದ್ಲು! ಅಕ್ಕಿಗೂ ಕಂಪ್ಯೂಟರಿಗೂ ಎಣ್ಣೆ ಸೀಗೇಕಾಯಿ! ಇನ್ನು ಮೇಲೆ ಇದರ ಹತ್ತಿರ ಯಾರ ಕೈಯಲ್ಲಾದರೂ ಒಂದು ಕಾಳು ಅಕ್ಕಿ ಕಂಡ್ರೆ ಹಿಂದೆ ಮುಂದೆ ನೋಡಬೇಡ. ಯಾರು ಏನು ಅಂತ ಕೇಳಬೇಡ. ಮೊದಲು ಪ್ಲಗ್ ಕೀಳು! ಗೊತ್ತಾಯ್ತಾ?"

"ಗೊತ್ತಾಯ್ತು. ಅಕ್ಕಿ ಕಂಡ್ರೆ ಪ್ಲಗ್ ಕೀಳು. ಹಂಗೇ ಆಗ್ಲಿ ಅಣ್ಣಾ."

ತಾಯಿ ಬಂದಳು, ನೋಡಿದಳು, ಬಾಗಿಲಲ್ಲೇ ಕೂತಳು. ಮೂವರೂ ಸೇರಿ ಬ್ರಷ್ಷಿನಿಂದ, ಊದುಗೊಳವೆಯಿಂದ, ಕಿವಿಯ ಗುಗ್ಗೆ ಕಡ್ಡಿಯಿಂದ ಅಕ್ಕಿ ತೆಗೆದರು. ಅರ್ಧ ದಿನ ಹೋಯಿತು. ಅದೃಷ್ಟ, ಏನೂ ಸುಟ್ಟಿರಲಿಲ್ಲ.

ಷಡಕ್ಷರಿ ಎರಡು ಕಾರ್ಡನ್ನೂ ಕೂರಿಸಿದ. ಆನ್ ಮಾಡಿದ. ಪರದೆ ನೀಲಿಯಾಗಿ ಎಲ್ಲ ನಿಂತುಹೋಯಿತು. ಮತ್ತೆ ಆನ್ ಮಾಡಿದ, ಮತ್ತೆ ನೀಲಿ. ಕೆಂಪಿನದಕ್ಕೆ ಅದರ ತವರಿನ ಡ್ರೈವರ್ ಹಾಕಿದ, ಹಸಿರಿನದಕ್ಕೆ ಅದರ ತವರಿನ ಡ್ರೈವರ್ ಹಾಕಿದ. ಈ ಡ್ರೈವರ್ ಅನ್ನುವುದು ಗಾಡಿ ಹೊಡೆಯುವವನಲ್ಲ. ಕಾರ್ಡು ಆಡಿದ್ದನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ. ಎರಡು ತವರಿನ ದುಭಾಷಿಗಳು ಒಂದೇ ಮಂಚದ ಮೇಲೆ ಕೂತು ಜಗಳವಾಡಿದರು. ಮತ್ತೆ ನೀಲಿ!

"ಆಗಲ್ಲ ಅಕ್ಕಾ. ಒಂದೇ ಒಲೆಗೆ ಇಬ್ಬರೂ ಬರಲ್ಲ. ಬೇರೆ ಒಲೆ ಹೂಡಿಬಿಡೋಣ. ಕೆಂಪಿಗೆ ಒಂದು ಮಾನಿಟರ್, ಹಸಿರಿಗೆ ಒಂದು ಮಾನಿಟರ್. ಹೆಣ್ಣಿನ ಕಡೆದು ಇವಳು ತೋರಿಸಲಿ, ಗಂಡಿನ ಕಡೆದು ಅವಳು ತೋರಿಸಲಿ. ನೋಡ್ಕೊಂಡು ಮಿಕ್ಸ್ ಮಾಡೋಕಾದರೂ ಅನುಕೂಲ. ನನ್ನ ಕ್ಲಾಸಿನಿಂದ ಒಂದು ಮಾನಿಟರ್ ತರಿಸಿ."

ಆಗಿನ ಮಾನಿಟರ್ ಅಂದರೆ ಈಗಿನ ತಟ್ಟೆಯಲ್ಲ. ಹಿಂದೆ ದೊಡ್ಡ ಹೊಟ್ಟೆ, ಮುಂದೆ ಉಬ್ಬಿದ ಗಾಜು, ಅಕ್ಕಿ ಮೂಟೆಯಷ್ಟು ಭಾರ. ತಾಯಿ ಬೆರಳು ಎತ್ತಿ ಹೇಳಿದಳು: "ನಿಧಾನ! ಎಳೆ ಮಗೂನ ಎತ್ತಿಕೊಂಡು ಬಂದಂಗೆ ತರಬೇಕು!"

"ಹಂಗೇ ಆಗ್ಲಿ ಅವ್ವಾ."

ಹೇಳಿದಷ್ಟೇ ಮಾಡಿದ, ಹೇಳಿದಷ್ಟೂ ಮಾಡಿದ. ಮಾನಿಟರಿಗೆ ಟವೆಲ್ ಸುತ್ತಿದ. ಎದೆಗವಚಿಕೊಂಡ. ಬೀದಿ ದಾಟುವಾಗ "ಜೋ ಜೋ" ಅಂದ. ಟೀ ಅಂಗಡಿಯ ಮುಂದೆ ಕೂತವರೆಲ್ಲ ಕಣ್ಣು ಪಿಳುಕಿಸದೆ ನೋಡಿದರು. "ಏನ್ಲಾ ಸಿದ್ದ, ಗಂಡೋ ಹೆಣ್ಣೋ?" ಅಂದ ಒಬ್ಬ. ಇಷ್ಟು ಜನರ ಕಣ್ಣು ಬಿದ್ದ ಮೇಲೆ ಎಳೆ ಮಗುವಿಗೆ ಏನು ಮಾಡಬೇಕು? ಮನೆಗೆ ಬಂದವನೇ ದೇವರ ದೀಪದ ಕಪ್ಪು ತೆಗೆದು, ಎಣ್ಣೆ ಕಲಸಿ, ಗಾಜಿನ ಎಡಗೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟ.

ಭಾನುವಾರ ಬೆಳಿಗ್ಗೆ ತಾಯಿ ಕೆಲಸಕ್ಕೆ ಕೂತಳು. ಎರಡು ಮಾನಿಟರೂ ಹೊತ್ತಿಕೊಂಡವು. ನೀಲಿಯಿಲ್ಲ, ಜಗಳವಿಲ್ಲ! ಒಂದರಲ್ಲಿ ಹೆಣ್ಣಿನ ಕಡೆ, ಇನ್ನೊಂದರಲ್ಲಿ ಗಂಡಿನ ಕಡೆ, ತಡೆಯಿಲ್ಲದೆ ಓಡಿತು. ತಾಯಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಹುಬ್ಬು ಗಂಟಾಯಿತು.

"ಷಡಕ್ಷರೀ! ಮದುಮಗನ ಕೆನ್ನೇಲಿ ಏನದು ಕಪ್ಪಗೆ?"

"ಮಚ್ಚೆ ಇರಬೇಕು ಅಕ್ಕಾ."

"ಅವರಪ್ಪನ ಕೆನ್ನೇಲೂ ಇದೆ."

"ವಂಶದ್ದು ಇರಬೇಕು."

"ಪುರೋಹಿತರ ಕೆನ್ನೇಲೂ ಇದೆ ಕಣಪ್ಪಾ! ತೆಂಗಿನಕಾಯಿ ಮೇಲೂ ಇದೆ!"

ಟೇಪು ತೆಗೆದು ನೋಡಿದರು. ಕ್ಯಾಮೆರಾದ ಗಾಜು ಒರೆಸಿದರು. ಡ್ರೈವರ್ ತೆಗೆದು ಮತ್ತೆ ಹಾಕಿದರು. ಎರಡು ಗಂಟೆ! ಕಡೆಗೆ ಷಡಕ್ಷರಿ ಮಾನಿಟರ್ ಆರಿಸಿದ. ಚಿತ್ರ ಹೋಯಿತು, ಬೊಟ್ಟು ಉಳಿಯಿತು. ಇಬ್ಬರೂ ಮೆಲ್ಲಗೆ ಸಿದ್ದನ ಕಡೆ ತಿರುಗಿದರು.

"ಎಳೆ ಮಗು ಅಂದಿದ್ಯಲ್ಲವ್ವಾ. ಟೀ ಅಂಗಡಿಯವರೆಲ್ಲ ನೋಡಿಬಿಟ್ರು."

"ಶಿವನೇ! ಶಿವನೇ! ಎರಡು ಗಂಟೆ ಹಾಳು ಮಾಡಿದೆಯಲ್ಲೋ! ಜನ ನೋಡೋ ಚಿತ್ರಕ್ಕೆ ನೀನು ಏನೂ ಸೇರಿಸಬಾರದು, ಏನೂ ತೆಗೀಬಾರದು! ಇದ್ದದ್ದು ಇದ್ದಂಗೆ ತೋರಿಸಬೇಕು! ಕೇಳಿಸ್ತಾ?"

"ಕೇಳಿಸ್ತವ್ವಾ. ಇದ್ದದ್ದು ಇದ್ದಂಗೆ. ಹಂಗೇ ಆಗ್ಲಿ."

ಬೊಟ್ಟು ಒರೆಸಿ ಮಿಕ್ಸಿಂಗ್ ಶುರು ಮಾಡಿದರು. ಎರಡೂ ಚಿತ್ರ ಬೇರೆ ಬೇರೆಯಾಗಿ ಓಡುತ್ತಿದ್ದವು. ಒಂದು ಮಾಡಲು ಹೋದರೆ ಕೆಂಪು ಕಾರ್ಡು ಒಂದೇ ಎಳೆಯಬೇಕು, ಹಸಿರು ಕಾರ್ಡು ಪಕ್ಕದ ಮನೆಯವಳ ಹಾಗೆ ನೋಡುತ್ತ ಕೂರುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಮದುವೆ ಇನ್ನೂ ಹೂವಿನ ಹಾರದ ಹತ್ತಿರ ಇತ್ತು. ಧಾರೆ ಎಲ್ಲಿ, ಊಟ ಎಲ್ಲಿ!

"ಬೆಳಗಾಗತ್ತೆ ಅಕ್ಕಾ" ಅಂದ ಷಡಕ್ಷರಿ. ಅವನು ಊಟಕ್ಕೆ ಹೋದ.

ಸರ್ವಮಂಗಳಮ್ಮ ಗಡಿಯಾರ ನೋಡಿದಳು. ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. ಮೂರು ದಿನ ರೆಪ್ಪೆ ಮುಚ್ಚದ ಹೆಂಗಸು, ಕೂತ ಕುರ್ಚಿಯಲ್ಲೇ ಕಣ್ಣು ಮುಚ್ಚಿದಳು. ಎದ್ದಾಗ ಆರೂವರೆ!

ಕಣ್ಣು ಬಿಟ್ಟರೆ ಮೇಜು ಖಾಲಿ. ಕಂಪ್ಯೂಟರ್ ಇಲ್ಲ, ಮಾನಿಟರ್ ಇಲ್ಲ, ಇನ್ನೊಂದು ಮಾನಿಟರೂ ಇಲ್ಲ. ಸಿದ್ದನೂ ಇಲ್ಲ. ಬೀದಿಗೆ ಬಂದರೆ ಟೀ ಅಂಗಡಿಯವನು ಹೇಳಿದ: "ನಿಮ್ಮ ಸಿದ್ದ ತಳ್ಳುಗಾಡಿ ಮೇಲೆ ಎಲ್ಲಾ ಹೇರಿಕೊಂಡು ಹಾಸನ ರಸ್ತೆ ಕಡೆ ಹೋದನಲ್ಲಮ್ಮಾ. 'ಆರು ಅಂದ್ರೆ ಆರು, ಆರು ಅಂದ್ರೆ ಆರು' ಅಂತಿದ್ದ."

ಸರ್ವಮಂಗಳಮ್ಮ ಓಡಿದಳು. ಕಾಲಲ್ಲಿದ್ದದ್ದು ಆ ಎರಡು ಎಡಗಾಲಿನ ಚಪ್ಪಲಿ, ದಾರಿಯಲ್ಲಿ ಎರಡು ಸಲ ಬಲಕ್ಕೆ ವಾಲಿ ಚರಂಡಿ ಕಂಡಳು. ವಿರೂಪಾಕ್ಷಪ್ಪನವರ ಕಾಲಿಗೆ ಬಿದ್ದು ಕ್ಷಮೆ ಕೇಳುವುದೆಂದು ಬಾಗಿಲಿಗೆ ಬಂದು ನಿಂತರೆ, ಒಳಗೆ ನಗು!

ಹಾಲಮ್ಮಜ್ಜಿಯ ಮಂಚದ ಎಡಕ್ಕೆ ಒಂದು ಮಾನಿಟರ್, ಬಲಕ್ಕೆ ಒಂದು ಮಾನಿಟರ್. ಎಡದಲ್ಲಿ ಹೆಣ್ಣಿನ ಕಡೆ, ಬಲದಲ್ಲಿ ಗಂಡಿನ ಕಡೆ. ನಡುವೆ ದಿಂಬಿಗೊರಗಿ ಅಜ್ಜಿ! ಗುಲಾಬಿ ಎಸಳಿಲ್ಲ, ಹಿಮದ ಬೆಟ್ಟವಿಲ್ಲ. ಏನೂ ಸೇರಿಸಿರಲಿಲ್ಲ, ಏನೂ ತೆಗೆದಿರಲಿಲ್ಲ. ಅಡುಗೆ ಭಟ್ಟ ಒಗ್ಗರಣೆ ಸೀದಿದ್ದಕ್ಕೆ ಬೈಯುತ್ತಿದ್ದ. ಉಡುಗೊರೆಯ ರಾಶಿಯ ಮೇಲೆ ಒಂದು ಕೂಸು ನಿದ್ದೆ ಮಾಡುತ್ತಿತ್ತು. ಬಲಗಡೆಯ ಮಾನಿಟರಿನಲ್ಲಿ ಬೀಗರು ಕಾಫಿ ತಣ್ಣಗಿದೆ ಅಂದರೆ, ಅಜ್ಜಿ ಎಡಕ್ಕೆ ತಿರುಗಿ ತನ್ನ ಸೊಸೆಯ ಚಿತ್ರಕ್ಕೆ ಗದರುತ್ತಿದ್ದಳು: "ಬಿಸಿ ಮಾಡಿಸೇ! ಬೀಗರ ಕೈಲಿ ಮಾತು ಅನ್ನಿಸಿಕೊಬೇಡ!"

ಎಡಗಡೆಯ ಚಿತ್ರದಲ್ಲಿ, ಕಡೂರಿನಿಂದ ಮದುವೆಗೆ ಬಂದಿದ್ದ ಅಜ್ಜಿಯ ಬಾಲ್ಯದ ಗೆಳತಿಯೊಬ್ಬಳು ಕ್ಯಾಮೆರಾದ ಹತ್ತಿರ ಬಂದು, ಇದು ಏನು ಎಂದು ತಿಳಿಯದೆ ಕೇಳಿದಳು: "ಹಾಲಿ ಎಲ್ಲಿ? ಹಾಲಿ ಯಾಕೆ ಬರಲಿಲ್ಲ?"

"ಸೊಂಟ ಮುರೀತು ಕಣೇ ಮುರಿಗೆವ್ವಾ!" ಅಜ್ಜಿ ಗಾಜಿನ ಮೇಲೆ, ಗೆಳತಿಯ ಕೆನ್ನೆಗೆ ಕೈಯಿಟ್ಟಳು. "ಇಲ್ಲೇ ಇದ್ದೀನಿ. ಕೂತ್ಕೊ."

ಇಂಥದ್ದನ್ನೆಲ್ಲ ಮಿಕ್ಸಿಂಗಿನಲ್ಲಿ ಕತ್ತರಿಸಿ ಬಿಸಾಡುತ್ತಿದ್ದರು. ಸರ್ವಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಧಾರೆ ಬಂತು. ಎರಡೂ ಕಡೆ ಓಲಗ ಜೋರಾಯಿತು. ಎಡದಲ್ಲಿ ಶಶಿಕಲಾ ತಲೆ ಬಗ್ಗಿಸಿದಳು, ಬಲದಲ್ಲಿ ಗಂಡು ತಾಳಿ ಎತ್ತಿದ.

"ಅಕ್ಷತೆ! ನನಗೆ ಅಕ್ಷತೆ ಕೊಡ್ರೋ!" ಅಂದಳು ಅಜ್ಜಿ. ವಿರೂಪಾಕ್ಷಪ್ಪ ಓಡಿಹೋಗಿ ತಟ್ಟೆ ತಂದರು. ಅಜ್ಜಿ ಮುಷ್ಟಿ ತುಂಬಿಕೊಂಡಳು. ಕೈ ಎತ್ತಿದಳು.

ಸಿದ್ದನ ಕಣ್ಣು ಅಜ್ಜಿಯ ಮುಷ್ಟಿಗೆ ಬಿತ್ತು. ಅಕ್ಕಿ! ಕಂಪ್ಯೂಟರ್ ಹತ್ತಿರ ಅಕ್ಕಿ! ಯಾರು ಏನು ಅಂತ ಕೇಳಲಿಲ್ಲ. ಹಿಂದೆ ಮುಂದೆ ನೋಡಲಿಲ್ಲ. ಹಾರಿ ಮಂಚದ ಪಕ್ಕಕ್ಕೆ ಬಗ್ಗಿದವನೇ ಪ್ಲಗ್ ಕಿತ್ತ!

ಎರಡೂ ಮಾನಿಟರು ಕಪ್ಪಾದವು. ಓಲಗ ನಿಂತಿತು. ಅಜ್ಜಿಯ ಕೈಯಿಂದ ಹಾರಿದ ಅಕ್ಷತೆ ಮಾತ್ರ ನಿಲ್ಲಲಿಲ್ಲ. ಬಗ್ಗಿ ಕೂತಿದ್ದ ಸಿದ್ದನ ತಲೆಯ ಮೇಲೆ ಸುರಿಯಿತು.

"ಅಯ್ಯೋ ಮುಂಡೇದೇ!" "ಏನೋ ಮಾಡ್ದೆ!" "ತಾಳಿ ಕಟ್ಟೋ ಹೊತ್ತಿಗೆ!" ಮನೆಯವರೆಲ್ಲ ಒಟ್ಟಿಗೆ ಕೂಗಿದರು. ವಿರೂಪಾಕ್ಷಪ್ಪ ಕೈ ಎತ್ತಿದರು. ಸರ್ವಮಂಗಳಮ್ಮ ನಡುವೆ ಬಂದಳು.

ಅಷ್ಟರಲ್ಲಿ ಅಜ್ಜಿ ನಗಲು ಶುರುಮಾಡಿದಳು. ಸೊಂಟ ನೋಯುತ್ತದೆಂದು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ನಕ್ಕಳು.

"ಬಿಡ್ರೋ ಅವನ್ನ! ನನ್ನ ಮದುವೇಲೂ ಹಿಂಗೇ ಆಯ್ತು. ತಾಳಿ ಎತ್ತಿದರು ನೋಡು, ಬುಸ್ ಅಂತ ಗ್ಯಾಸ್ ಲೈಟು ಆರಿಹೋಯ್ತು! ಕತ್ತಲಲ್ಲೇ ಕಟ್ಟಿದ್ರು ನಿಮ್ಮಪ್ಪ. ಅರ್ಧ ಅಕ್ಷತೆ ಪುರೋಹಿತರ ಮೇಲೆ ಬಿತ್ತು. ಐವತ್ತಾರು ವರ್ಷ ಬಾಳಲಿಲ್ವಾ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿದ್ದು ಸಾಕು. ಮಿಕ್ಕಿದ್ದು ವಾಪಸ್ ಬಂದು ನೋಡ್ತೀನಿ. ನಡೀರಿ, ಬೆಳಿಗ್ಗೆ ಹಾಸನಕ್ಕೆ ಗಾಡಿ ಹೇಳಿ."

ಅಜ್ಜಿ ಹೋದಳು. ಕೊಯ್ಯಿಸಿಕೊಂಡಳು. ತಿಂಗಳ ಮೇಲೆ ಕೋಲೂರಿಕೊಂಡು ಬಂದು ಮಿಕ್ಕಿದ್ದನ್ನೂ ನೋಡಿದಳು. ಅದು ಆಮೇಲಿನ ಮಾತು.

ಆ ಸಂಜೆ ತಾಯಿ ಮಗ ತಳ್ಳುಗಾಡಿ ತಳ್ಳಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ಸರ್ವಮಂಗಳಮ್ಮ ಬೈಯಬೇಕು ಅಂದುಕೊಂಡಾಗಲೆಲ್ಲ ಗೆಳತಿಯ ಕೆನ್ನೆಯ ಮೇಲಿಟ್ಟ ಅಜ್ಜಿಯ ಕೈ ಕಣ್ಣಿಗೆ ಬರುತ್ತಿತ್ತು. ಬಾಗಿಲು ತೆಗೆದು ಒಳಗೆ ಹೋಗಿ ದೀಪ ಹಾಕಿದಳು. ಹಿಂದೆ ತಿರುಗಿದರೆ ಸಿದ್ದ ಕಂಪ್ಯೂಟರನ್ನು ಎದೆಗವಚಿಕೊಂಡು ಹೊಸಲಿನಾಚೆ ನಿಂತಿದ್ದಾನೆ. ತಲೆಯ ತುಂಬ ಅರಿಸಿನದ ಅಕ್ಕಿ.

"ಒಳಗೆ ಬಾರೋ."

"ಹೆಂಗೆ ಬರಲವ್ವಾ? ಅಕ್ಷತೆ ಬಿತ್ತಲ್ಲ. ಅಕ್ಷತೆ ಬಿತ್ತು ಅಂದ್ರೆ ಮದುವೆ ಆಯ್ತು ಅಂದಿದ್ದೆ. ಸೇರು ಇಡು."

ಸರ್ವಮಂಗಳಮ್ಮ ಅವನ ತಲೆ ನೋಡಿದಳು. ಅತ್ತಳೋ ನಕ್ಕಳೋ, ಎದುರಿಗಿದ್ದ ಟೀ ಅಂಗಡಿಯವನಿಗೂ ಗೊತ್ತಾಗಲಿಲ್ಲ. ಒಳಗೆ ಹೋದಳು. ಸೇರಿನ ತುಂಬ ಅಕ್ಕಿ ಅಳೆದು, ಬೆಲ್ಲದಚ್ಚು ಇಟ್ಟು, ತಂದು ಹೊಸಲ ಮೇಲಿಟ್ಟಳು.

ಸಿದ್ದ ಸೇರು ನೋಡಿದ. ಕಂಪ್ಯೂಟರ್ ನೋಡಿದ. ತಲೆಯಲ್ಲಾಡಿಸಿದ.

"ಒಂದೇ ಸೇರಾ? ಇಬ್ಬರು ಬಂದಿದ್ದಾರಲ್ಲವ್ವಾ. ಅದೂ ಬೇರೆ ಬೇರೆ ತವರಿನವರು. ಇನ್ನೊಂದು ತಾ!"